ಗೊರಕೆ ಎಂದರೆ ಸುಖನಿದ್ದೆ ಅಲ್ಲ



ಈ ಸಲ ನಿದ್ದೆಯ ಬಗ್ಗೆ ಮಾತಾಡೋಣ. ಯಾರಾದರೂ ಜೋರಾಗಿ ಗೊರಕೆ ಹೊಡೆದರೆ ನಾವು ಏನಂತೀವಿ? "ಎಂಥಾ ಸುಖದ ನಿದ್ದಿ ನೋಡ್ರಿ" ಅಂತೀವಿ. ನಮ್ಮ ಮನೆಯಲ್ಲೂ ಹಾಗೇ ತಿಳಿದಿದ್ದೆವು.

ನಮ್ಮ ಅಪ್ಪನಿಗೆ 68 ವರ್ಷ. ರಾತ್ರಿಯೆಲ್ಲ ಗೊರಕೆ. ಬೆಳಿಗ್ಗೆ ತಲೆನೋವು. ಹಗಲು ಕಟ್ಟೆಯ ಮೇಲೆ ಕುಳಿತಲ್ಲೇ ತೂಕಡಿಕೆ. ಒಂದು ದಿನ ಸಂತೆಗೆ ಹೋದವರು ಏನು ತರಬೇಕೆಂದು ಮರೆತು ಬರಿಗೈಲಿ ಬಂದರು. "ವಯಸ್ಸಾಯ್ತು, ಮರೆವು ಬರೋದೇ" ಅಂದೆವು.

ಅವ್ವ ಮಾತ್ರ ಸುಮ್ಮನಿರಲಿಲ್ಲ. ಅವಳು ಸಾಕ್ಷರತಾ ಕೇಂದ್ರದಲ್ಲಿ ಅಕ್ಷರ ಕಲಿತವಳು. ಒಂದು ರಾತ್ರಿ ಅಪ್ಪನ ಗೊರಕೆ ತಟ್ಟನೆ ನಿಂತಿತು. ಉಸಿರೂ ನಿಂತಿತು. ಅವ್ವ ಎಣಿಸಿದಳು. ಇಪ್ಪತ್ತಾದ ಮೇಲೆ ಅಪ್ಪ ಒದ್ದಾಡಿ, ಬಾಯಿ ತೆರೆದು ಉಸಿರೆಳೆದರು. ಮತ್ತೆ ಗೊರಕೆ, ಮತ್ತೆ ಹಾಗೇ. ಮೂರು ರಾತ್ರಿ ಅವ್ವ ಎದ್ದು ಕುಳಿತು ನೋಟ್‌ಬುಕ್ಕಿನಲ್ಲಿ ಬರೆದಳು: "ಉಸಿರು ನಿಂತಿತು. 20 ಎಣಿಸಿದೆ." ಅದನ್ನು ಓದಿದ ಡಾಕ್ಟರು ಸೋಲಾಪುರಕ್ಕೆ ನಿದ್ದೆಯ ಪರೀಕ್ಷೆಗೆ ಕಳಿಸಿದರು.

ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಗಾಬರಿಯಿಂದ ಎಚ್ಚರವಾಗುತ್ತದೆ. ಕಾಯಿಲೆ ಜೋರಿದ್ದರೆ ಗಂಟೆಗೆ 30 ಸಲಕ್ಕಿಂತ ಹೆಚ್ಚು ಹೀಗಾಗುತ್ತದೆ. ಮಿದುಳಿಗೆ ವಿಶ್ರಾಂತಿ ಎಲ್ಲಿ? ಅದಕ್ಕೇ ಮಂಕು, ಮರೆವು, ಸಿಟ್ಟು. ಬಿಪಿ ಏರಬಹುದು. ಲಕ್ವ ಹೊಡೆಯುವ ಭಯವೂ ಹೆಚ್ಚು.

ದಪ್ಪ ಇದ್ದವರಿಗೆ ಇದು ಹೆಚ್ಚು. ಆದರೆ ತೆಳ್ಳಗಿದ್ದವರಿಗೂ ಬರಬಹುದು. ಮುಟ್ಟು ನಿಂತ ಹೆಂಗಸರಿಗೂ ಬರುತ್ತದೆ.

ಚಿಕಿತ್ಸೆ ಇದೆ. ಸಿಪ್ಯಾಪ್ ಎಂಬ ಸಣ್ಣ ಯಂತ್ರ ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುತ್ತದೆ. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಬೆಲೆ ಕಡಿಮೆಯಿಲ್ಲ. ಮೊದಲು ಸರಕಾರಿ ದವಾಖಾನೆಯಲ್ಲಿ ವಿಚಾರಿಸಿ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸೆರೆ ಬಿಡುವುದು ಕೂಡ ನೆರವಾಗುತ್ತದೆ. ಡಾಕ್ಟರನ್ನು ಕೇಳದೆ ನಿದ್ದೆಗುಳಿಗೆ ನುಂಗಬೇಡಿ.

"ಎತ್ತಿಗೆ ಬಾಯಿಕುಕ್ಕೆ ಹಾಕಿದಂಗ ಆತು" ಎಂದು ಅಪ್ಪ ಮೊದಲು ಮುಖವಾಡ ಕಿತ್ತು ಒಗೆದರು. ಅವ್ವ ಬಿಡಲಿಲ್ಲ. ಎರಡು ವಾರಕ್ಕೆ ರೂಢಿಯಾಯಿತು. ಈಗ ಹಗಲಿನ ತೂಕಡಿಕೆ ಇಲ್ಲ. ಮರೆವು ಪೂರ್ತಿ ಹೋಗಿಲ್ಲ, ಆದರೆ ಸಂತೆಯ ಲೆಕ್ಕ ತಪ್ಪುವುದಿಲ್ಲ.

ಅಮೆರಿಕದಲ್ಲಿ ಈ ಕಾಯಿಲೆಯಿದ್ದ 50,000ಕ್ಕೂ ಹೆಚ್ಚು ಹಿರಿಯರ ದಾಖಲೆ ನೋಡಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಇಂಥ ಯಂತ್ರದ ಚಿಕಿತ್ಸೆ ಪಡೆದವರಲ್ಲಿ ಮರೆವಿನ ರೋಗ ಕಡಿಮೆ ಕಂಡಿತು. ಯಂತ್ರವೇ ಮರೆವನ್ನು ತಡೆಯುತ್ತದೆ ಎಂದು ಇದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೂ ಉಸಿರು ಕಟ್ಟುವುದನ್ನು ಹಾಗೇ ಬಿಡುವುದು ಸರಿಯಲ್ಲ.

ಮಲಗಿದವರಿಗೆ ತಮ್ಮ ಉಸಿರು ನಿಂತದ್ದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಇರುವವರೇ ನೋಡಬೇಕು. ನಿಮ್ಮ ಮನೆಯ ಹಿರಿಯರು ಗೊರಕೆ ಹೊಡೆಯುತ್ತಾರೆಯೇ? ಇವತ್ತು ರಾತ್ರಿ ಸ್ವಲ್ಪ ಹೊತ್ತು ಕಿವಿಗೊಡಿ. ಉಸಿರು ನಿಂತರೆ ಎಣಿಸಿ, ಬರೆದಿಡಿ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಅಕ್ಷರ ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ.