ಕಲ್ಲಿನ ಹುಟ್ಟು ಮತ್ತು ಬಾವಿಯ ನೀರು

(ಪಿಲ್ಲಗುಂಪೆಯ ಭೂಮಾಲಿಕರಿಗೂ ಗ್ರಾಮದ ಯಜಮಾನರಿಗೂ ಮಾಡಿದ ಉಪನ್ಯಾಸ)



ಹೊಸಕೋಟೆ ಸೀಮೆಯಲ್ಲಿ ಬಾವಿ ತೋಡಿಸಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಗುದ್ದಲಿಗೆ ಬಗ್ಗದ ಬಂಡೆ. ಬಂಡೆ ಸಿಕ್ಕಿದ ಮೇಲೆಯೂ, ಇನ್ನಷ್ಟು ಆಳಕ್ಕಿಳಿದರೆ ನೀರು ಬಂದೇ ಬರುವುದೆಂದು ನಂಬಿ ಸಾಲ ಮಾಡುವವರು ಅನೇಕರು. ಈ ನಂಬಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ತಿಳಿಯಬೇಕಾದರೆ ಆ ಕಲ್ಲು ಹುಟ್ಟಿದ ಬಗೆಯನ್ನು ಅರಿಯತಕ್ಕದ್ದು.

ಕಲ್ಲುಗಳಲ್ಲಿ ಮೂರು ಜಾತಿಗಳುಂಟು. ಭೂಮಿಯೊಳಗಿನ ಕರಗಿದ ದ್ರವ್ಯವು ಆರಿ ಗಟ್ಟಿಯಾದದ್ದು ಅಗ್ನಿಶಿಲೆ. ಉಳಿದೆರಡು ಪದರುಶಿಲೆ ಮತ್ತು ರೂಪಾಂತರ ಶಿಲೆ.

ಪದರುಶಿಲೆಯ ಆರಂಭವನ್ನು ಕೆರೆಯಲ್ಲಿಯೇ ಕಾಣಬಹುದು. ಮಳೆಯ ನೀರು ಹೊಲದ ಮಣ್ಣನ್ನು ಹೊತ್ತು ತಂದಾಗ, ದಪ್ಪ ಮರಳು ಕಾಲುವೆಯ ಬಾಯಲ್ಲಿಯೇ ನಿಲ್ಲುವುದು. ನಯವಾದ ಗೋಡು ಏರಿಯವರೆಗೂ ಸಾಗಿ ಅಲ್ಲಿ ಇಳಿಯುವುದು. ಬತ್ತಿದ ಕೆರೆಯಲ್ಲಿ ಗುಂಡಿ ತೋಡಿದರೆ ಈ ಪದರಗಳು ಒಂದರ ಮೇಲೊಂದು ತೋರುವುವು. ಇಂಥ ಪದರಗಳು ಬಹುಕಾಲ ಹೂಳಿಹೋಗಿ, ಮೇಲಿನ ಭಾರಕ್ಕೆ ಅದುಮಿ, ಸುಣ್ಣ ಮೊದಲಾದವುಗಳ ಬೆಸುಗೆಯಿಂದ ಗಟ್ಟಿಯಾದರೆ ಪದರುಶಿಲೆಯಾಗುವುದು. ಬಾದಾಮಿಯ ಗುಹೆಗಳನ್ನು ಕೊರೆದಿರುವ ಮರಳುಗಲ್ಲೂ, ಮನೆಗಳಿಗೆ ಹಾಸುವ ಶಹಾಬಾದಿನ ಸುಣ್ಣಗಲ್ಲೂ ಈ ಜಾತಿಯವು.

ರೂಪಾಂತರ ಶಿಲೆಯ ಹುಟ್ಟು ಬೇರೆ. ಮೊದಲೇ ಇದ್ದ ಕಲ್ಲು ಭೂಮಿಯ ಆಳಕ್ಕೆ ಸಿಕ್ಕಿ, ಮಹಾ ಶಾಖಕ್ಕೂ ಒತ್ತಡಕ್ಕೂ ಒಳಗಾಗಿ, ಕರಗದೆಯೇ ತನ್ನ ಗುಣವನ್ನು ಬದಲಾಯಿಸುವುದು. ಕುಂಬಾರನ ಆವಿಗೆಯಲ್ಲಿ ಬೆಂದ ಮಡಕೆ ಕರಗಿಲ್ಲ. ಆದರೂ ಅದು ಪುನಃ ಜೇಡಿಯಾಗಲಾರದು. ಹಾಗೆಯೇ ಸುಣ್ಣಗಲ್ಲು ಅಮೃತಶಿಲೆಯಾಗುವುದು, ಮರಳುಗಲ್ಲು ಕ್ವಾರ್ಟ್ಸೈಟ್ ಆಗುವುದು. ಕಲ್ಲಿನೊಳಗಿನ ಹರಳುಗಳು ಹೊಸದಾಗಿ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಒತ್ತಡಕ್ಕನುಗುಣವಾಗಿ ಸಾಲುಗೂಡುವುವು.

ಪಿಲ್ಲಗುಂಪೆಯ ಸುತ್ತಣ ಬಂಡೆಯು ಈ ಜಾತಿಯ ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ. ಈ ಸಮೂಹಕ್ಕೆ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದರಲ್ಲಿ ಕಾಣುವ ಕಪ್ಪು ಬಿಳಿಯ ಪಟ್ಟೆಗಳನ್ನು ಕೆಲವರು ನೀರು ಹಾಸಿದ ಪದರವೆಂದು ಭ್ರಮಿಸುವರು. ಅವು ಹರಳುಗಳು ಒತ್ತಡದಲ್ಲಿ ಬೇರ್ಪಟ್ಟು ಸಾಲಾದ ಗುರುತುಗಳು. ಕಲ್ಲುಕುಟಿಗರು ಸೌದೆಯ ಬೆಂಕಿಯಿಟ್ಟು ಎಬ್ಬಿಸುವ ಚಪ್ಪಡಿಯೂ ಕೆರೆಯ ಪದರದಂಥದಲ್ಲ. ಕಾದ ಮೈ ಹಿಗ್ಗಿ ಬಿಟ್ಟುಕೊಂಡದ್ದು.

ಈ ಭೇದದಿಂದ ರೈತನಿಗೇನು? ಸಡಿಲವಾದ ಮರಳುಗಲ್ಲಿನಲ್ಲಿ ಕಣಕ್ಕೂ ಕಣಕ್ಕೂ ನಡುವೆ ನೀರು ನಿಲ್ಲಲು ಸ್ಥಳವುಂಟು. ನೈಸಿನಲ್ಲಿ ಹರಳುಗಳು ಬಿಗಿಯಾಗಿ ಹೆಣೆದಿರುವುದರಿಂದ ಅಂಥ ಸ್ಥಳವಿಲ್ಲ. ನೀರಿರುವುದು ಮೇಲಿನ ಗರಸಿನಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುವುವು. ಆದುದರಿಂದಲೇ ಒಬ್ಬನ ಕೊಳವೆಬಾವಿಯಲ್ಲಿ ನೀರಿದ್ದು, ಪಕ್ಕದ ಹೊಲದವನ ಬಾವಿಯಲ್ಲಿ ಬರಿಯ ಕಲ್ಲುಪುಡಿ ಬರುವುದು. ಸಾವಿರ ಅಡಿ ಕೊರೆದರೂ ಬಿರುಕು ಸಿಕ್ಕದಿದ್ದರೆ ಹಣ ಹೋದಂತೆಯೇ. ಸಿಕ್ಕಿದ ಬಿರುಕಿಗೂ ಮೇಲಿನಿಂದ ನೀರು ಇಳಿಯದಿದ್ದರೆ ಅದು ಬೇಗನೆ ಬರಿದಾಗುವುದು.

ಆದಕಾರಣ ಈ ಸೀಮೆಯಲ್ಲಿ ಕೆರೆಯನ್ನು ಕಾಯುವುದೇ ಬಾವಿಯನ್ನು ಕಾಯುವ ಕ್ರಮ. ಬೇಸಿಗೆಯಲ್ಲಿ ಗೋಡನ್ನೆತ್ತಿ ಹೊಲಕ್ಕೆ ಹೊಡೆಯಬೇಕು; ಕೆರೆಗೆ ಬರುವ ಕಾಲುವೆಗಳ ಒತ್ತುವರಿಯನ್ನು ತೆರವು ಮಾಡಬೇಕು; ಹೊಲದ ಬದುಗಳನ್ನು ಭದ್ರಪಡಿಸಬೇಕು. ಹೊಸ ಬಾವಿಗೆ ಕೈಯಿಕ್ಕುವ ಮುನ್ನ ಸುತ್ತಣ ಬಾವಿಗಳ ಆಳವನ್ನೂ ನೀರು ಸಿಕ್ಕಿದ ಮಟ್ಟವನ್ನೂ ಬರೆದಿಟ್ಟು, ಭೂವಿಜ್ಞಾನ ಬಲ್ಲವರಿಗೆ ತೋರಿಸುವುದು ಲೇಸು. ಬಾವಿಯು ಒಬ್ಬನದಾದರೂ ಅದಕ್ಕೆ ನೀರೂಡುವ ಗರಸು ಇಡೀ ಗ್ರಾಮದ್ದು. ಗ್ರಾಮದ ಯಜಮಾನರು ಮುಂದಿನ ಮುಂಗಾರಿಗೆ ಮುಂಚೆ ಎಲ್ಲರನ್ನೂ ಕೂಡಿಸಿ, ಕಾಲುವೆಯ ಕೆಲಸವನ್ನು ಮೊದಲುಮಾಡುವುದು ಶ್ರೇಯಸ್ಕರ.