ಕಡತದ ಹಾದಿಗೂ ವಿಭಕ್ತಿಯುಂಟು

"ಬಲಕ್ಕೆ ತಿರುಗಿದರೆ ಮೂರನೆಯ ಮನೆ" ಎಂದು ಯಾರಾದರೂ ವಿಳಾಸ ಹೇಳಿದರೆ ತಾವು ಮೊದಲು ಕೇಳುವುದು "ಎಲ್ಲಿಂದ ಬಲಕ್ಕೆ?" ಎಂದಲ್ಲವೆ? ಅದು ತಿಳಿಯದಿದ್ದರೆ ವಿಳಾಸವಿದ್ದೂ ಇಲ್ಲದಂತೆ. ಕಂಪ್ಯೂಟರಿನಲ್ಲಿಯೂ ಇದೇ ತೊಡಕುಂಟು. ಅಲ್ಲಿ ಕಡತಗಳು ಫೋಲ್ಡರುಗಳೊಳಗೆ, ಆ ಫೋಲ್ಡರುಗಳು ಮತ್ತೂ ದೊಡ್ಡ ಫೋಲ್ಡರುಗಳೊಳಗೆ ಇರುತ್ತವೆ. ಕಡತವನ್ನು ತಲಪುವ ಹಾದಿಯನ್ನು, ನಡುನಡುವೆ ಓರೆಗೆರೆಯಿಟ್ಟು, ಒಂದೇ ಸಾಲಿನಲ್ಲಿ ಬರೆಯುವರು. ಹಾದಿ ಬುಡದಿಂದಲೇ ಹೊರಟರೆ ಸಂದೇಹವಿಲ್ಲ. ನಡುವಿನಿಂದ ಹೊರಟರೆ "ಎಲ್ಲಿಂದ?" ಎಂಬ ಪ್ರಶ್ನೆ ಏಳುತ್ತದೆ.

ಹ್ಯಾಸ್ಕೆಲ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಬರೆಯುವ ಭಾಷೆಗಳಲ್ಲೊಂದು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯವರ ಹೆಸರು ಹೊತ್ತ ಈ ಭಾಷೆಯ ಮೊದಲ ಲಕ್ಷಣಗ್ರಂಥ 1990ರಲ್ಲಿ ಹೊರಬಂದಿತು. ಪ್ರತಿಯೊಂದಕ್ಕೂ ಇಂಥ ಬಗೆಯೆಂದು ಗೊತ್ತುಮಾಡಿ, ಹೊಂದದ್ದನ್ನು ಓಡಿಸುವ ಮೊದಲೇ ತಡೆಯುವುದು ಇದರ ಹೆಗ್ಗಳಿಕೆ. ಇಷ್ಟಿದ್ದೂ ಇದರ 'ಫೈಲ್‌ಪಾತ್' ಎಂಬ ಬಗೆ ಬರಿಯ ಅಕ್ಷರಸರಣಿಗಿಟ್ಟ ಇನ್ನೊಂದು ಹೆಸರು, ಅಷ್ಟೆ. ತಿಂಗಳ ದಿನಸಿಯ ಪಟ್ಟಿಯನ್ನು ಕೊಟ್ಟರೂ ಹಾದಿಯೆಂದೇ ಒಪ್ಪಿಕೊಳ್ಳುವುದು!

ಈ ಭಾಷೆಯ ಪ್ಯಾಕೇಜುಗಳನ್ನು ಕಟ್ಟಿಕೊಡುವ ಸಲಕರಣೆಯೇ ಕ್ಯಾಬಲ್. ಪ್ಯಾಕೇಜಿನ ವಿವರದಲ್ಲಿ ಬರೆದ ಮೂಲಬರಹದ ಹಾದಿಗಳು ಆ ಪ್ಯಾಕೇಜಿನ ಫೋಲ್ಡರಿನಿಂದ ಹೊರಟವು. ಯಂತ್ರವಾದರೋ, ಕೆಲಸ ಆಗ ನಿಂತಿರುವ ಫೋಲ್ಡರಿನಿಂದ ಎಣಿಸುತ್ತದೆ. ಎರಡೂ ಒಂದಾಗಿರುವವರೆಗೆ ಸುಖ. ಹಲವು ಪ್ಯಾಕೇಜುಗಳನ್ನು ಒಂದೇ ಕೆಲಸದೊಳಗೆ ಏಕಕಾಲಕ್ಕೆ ಕಟ್ಟಹೊರಟರೆ, ನಿಲ್ಲುವ ನೆಲೆ ಒಂದೇ ಆದ್ದರಿಂದ, ಹಾದಿ ತಪ್ಪುತ್ತದೆ. ಕಡತ ಸಿಗದಿದ್ದರೆ ಭಯವಿಲ್ಲ, ಯಂತ್ರ ಕೂಗಿ ಹೇಳೀತು. ಅದೇ ಹೆಸರಿನ ಬೇರೊಂದು ಸಿಕ್ಕಿತೋ, ಸದ್ದಿಲ್ಲದೆ ಅದನ್ನೇ ಓದುವುದು. ಬರೆಯುವ ಕೆಲಸವಾದರೆ ಇದ್ದದ್ದನ್ನು ಅಳಿಸಿಯೇ ಬರೆಯುವುದು.

2024ರಲ್ಲಿ ಬಂದ ಕ್ಯಾಬಲ್‌ನ 3.14ನೆಯ ಆವೃತ್ತಿಯಲ್ಲಿ 'ಸಿಂಬಾಲಿಕ್ ಪಾತ್' ಎಂಬ ಬಗೆಯನ್ನು ವಿಸ್ತರಿಸಿ ಇದಕ್ಕೆ ಉಪಾಯ ಮಾಡಿದರು. ಅದು ಎರಡು ಗುರುತು ಹೊರುತ್ತದೆ: ಎಲ್ಲಿಂದ, ಯಾವುದಕ್ಕೆ. "ಮನೆಯಿಂದ ಶಾಲೆಗೆ" ಎಂಬಲ್ಲಿ 'ಇಂದ', 'ಗೆ' ಎಂಬ ಪ್ರತ್ಯಯಗಳು ಮಾಡುವ ಕೆಲಸವೇ ಇದು. ('ಇಂದ' ಎಂಬುದು ತೃತೀಯೆಯೋ ಪಂಚಮಿಯೋ ಎಂಬ ಪಂಡಿತರ ಜಗಳ ಈಗ ಬೇಡ.) ಎರಡು ಹಾದಿಗಳಿಗೆ ಸಂಧಿಯಾಗಬೇಕಾದರೆ ಮೊದಲನೆಯದು ಮುಟ್ಟುವ ಫೋಲ್ಡರೇ ಎರಡನೆಯದು ಹೊರಡುವ ಫೋಲ್ಡರಾಗಿರಬೇಕು. ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಎಂದರೆ ಸರಿ. ಮನೆಯಿಂದ ಶಾಲೆಗೆ, ಗುಡಿಯಿಂದ ಪೇಟೆಗೆ ಎಂದರೆ ಕಂಪೈಲರು ಅಲ್ಲಿಯೇ ತಡೆಯುತ್ತದೆ. ಓಡುವಾಗ ಗುರುತುಗಳು ಉಳಿಯವು. ಉಳಿಯುವುದು ಅದೇ ಹಳೆಯ ಅಕ್ಷರಸರಣಿ. ಕಡತವನ್ನು ನಿಜವಾಗಿ ತೆರೆಯುವಾಗ ಮಾತ್ರ ನಿಂತ ನೆಲೆಯನ್ನು ಬಾಯಿಬಿಟ್ಟು ಹೇಳಿ ಹಾದಿಯನ್ನು ಬಿಡಿಸಬೇಕು.

ಹೊರಗಿನಿಂದ ಬಂದ ಸಾಲಿಗೆ ಗುರುತು ಹಚ್ಚುವವನು ಮನುಷ್ಯನೇ ಆದ್ದರಿಂದ, ಅವನು ತಪ್ಪು ಹಚ್ಚಿದರೆ ಕಂಪೈಲರು ನಂಬಿಬಿಡುತ್ತದೆ. ಹಳೆಯ ಬಗೆಯನ್ನು ನಂಬಿ ತಮ್ಮದೇ ಕಟ್ಟುವಿಕೆಯ ಆಜ್ಞೆಗಳನ್ನು ಬರೆದಿಟ್ಟಿದ್ದವರು ಅವನ್ನು ತಿದ್ದಬೇಕಾಯಿತು. ಆ ಶ್ರಮ ಸಣ್ಣದಲ್ಲ. ಆದರೂ ಅಳಿಸಿಹೋದ ಕಡತವನ್ನು ಹುಡುಕುವ ಶ್ರಮಕ್ಕಿಂತ ಅದು ಹಗುರವೆಂದೇ ನನ್ನ ಎಣಿಕೆ.