ಒಬ್ಬರ ಆಟ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ಅಳಗುಳಿಮಣೆ ಸಿಕ್ಕೀತು. ಎರಡು ಸಾಲು, ಸಾಲಿಗೆ ಏಳು ಗುಳಿ. ಇಬ್ಬರು ಎದುರುಬದುರು ಕೂತು ಆಡುವ ಆಟ.

ಜೊತೆಗೆ ಯಾರೂ ಇಲ್ಲದಾಗ? ಅದಕ್ಕೂ ಹಿರಿಯರು ಒಂದು ಆಟ ಕಟ್ಟಿದ್ದಾರೆ. ಅಶೋಕವನದಲ್ಲಿ ಸೀತೆ ಒಬ್ಬಳೇ ಇದನ್ನು ಆಡಿದಳೆಂಬುದು ಜನರ ನಂಬಿಕೆ. ತಮಿಳರು ಸೀತಾಪಾಂಡಿ ಎನ್ನುತ್ತಾರೆ.

ಒಂದೇ ಸಾಲು ಸಾಕು. ಮೊದಲ ಗುಳಿಗೆ ಏಳು ಹುಣಸೆಬೀಜ, ಮುಂದಿನದಕ್ಕೆ ಆರು, ಹೀಗೆ ಕೊನೆಯದಕ್ಕೆ ಒಂದು. ಒಟ್ಟು 28. ಏಳು ಬೀಜದ ಗುಳಿ ಬರಿದು ಮಾಡಿ, ಮುಂದಿನ ಗುಳಿಯಿಂದ ಒಂದೊಂದೇ ಹಾಕುತ್ತ ಸುತ್ತಿ ಬನ್ನಿ. ಕೊನೆಯ ಬೀಜ ಬರಿದಾದ ಗುಳಿಗೇ ಬೀಳುತ್ತದೆ. ಈಗ ಏಳು ಬೀಜ ಪಕ್ಕದ ಗುಳಿಯಲ್ಲಿರುತ್ತವೆ. ಹೀಗೆ ಏಳು ಸಲ ಆಡಿದರೆ ಬೀಜಗಳೆಲ್ಲ ಮೊದಲಿದ್ದಂತೆಯೇ ಬಂದು ನಿಲ್ಲುತ್ತವೆ.

ಇಲ್ಲಿ ಎದುರಾಳಿಯಿಲ್ಲ, ನೋಡುವವರಿಲ್ಲ. ಆದರೂ ಒಂದು ಬೀಜ ತಪ್ಪಿದರೆ ಮಣೆಯೇ ಹೇಳುತ್ತದೆ. ಒಬ್ಬರ ಆಟ ಕಟ್ಟುವವರ ಜಾಣತನ ಇದೇ. ಎದುರಾಳಿಯ ಜಾಗದಲ್ಲಿ ನಿಯಮವನ್ನೇ ಕೂರಿಸುತ್ತಾರೆ. ಯಾರೂ ನೋಡದಾಗಲೂ ಲೆಕ್ಕ ತಪ್ಪದೆ ಆಡುವವರಿಗೆ ಒಂಟಿತನ ಭಾರವಾಗದು. ಇಂದು ಒಬ್ಬರೇ ಕೂರುವ ಗಳಿಗೆ ಸಿಕ್ಕರೆ, ಏಳು ಬಟ್ಟಲು, ಒಂದಿಷ್ಟು ಬೀಜ ಸಾಕು. ಆಡಿ ನೋಡಿ.